ರೋಡ್ ಪಕ್ಕಕ್ಕೆ ಕಾಗದದ ಹೂವಾ, ತುಂಬೆ-ತಂಗಡಿನಾ?

ಕಾಫಿ ತೋಟದ ಬೇಲಿ ಆಚೆ ರೋಡ್ ಪಕ್ಕ ಏನ್ ಹಾಕೋದು ಅಂತ ಯೋಚಿಸ್ತಿರೋರಿಗೆ ಇದು. ಕಾಗದದ ಹೂ ನೋಡೋಕೆ ಬೊಂಬಾಟ್, ಕಡ್ಡಿ ನೆಟ್ರೂ ಬರುತ್ತೆ, ನೀರೂ ಜಾಸ್ತಿ ಬೇಡ, ಆದ್ರೆ ಆ ಬಣ್ಣದ್ದು ಹೂವೇ ಅಲ್ಲ, ಎಲೆ, ನಿಜವಾದ ಹೂ ಒಳಗಿರೋ ಸಣ್ಣ ಬಿಳಿ ಕೊಳವೆ, ನಮ್ಮ ತುಡುವೆ ಜೇನಿಗೆ ಅಲ್ಲಿ ಹೆಚ್ಚೇನೂ ಸಿಗಲ್ಲ.

ತುಂಬೆ ಹತ್ರ ಕೂತು ನೋಡಿ, ಜೇನು ಬಿಳಿ ತುಟಿ ಮೇಲೆ ಇಳಿದು ತಲೆ ತೂರಿಸುತ್ತೆ, ಪರಾಗ ಮೆತ್ಕೊಂಡೇ ಹೊರಗೆ ಬರುತ್ತೆ. ತಂಗಡಿಗೆ, ಅಂದ್ರೆ ಹಳದಿ ಹೂವಿನ ಆವರಿಕೆಗೆ, ದೊಡ್ಡ ಕರಿ ದುಂಬಿ ಬಂದು ಗುಂಯ್ ಅಂತ ಹೂವನ್ನೇ ಅದುರಿಸಿ ಪರಾಗ ಉದುರಿಸ್ಕೊಳ್ಳುತ್ತೆ.

ತೋಟದಲ್ಲಿ ರೋಬಸ್ಟಾ ಕಾಫಿ ಇದ್ರಂತೂ ನನ್ನ ಓಟು ತುಂಬೆ-ತಂಗಡಿಗೇ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ರೋಬಸ್ಟಾಗೆ ಬೇರೆ ಗಿಡದ್ದೇ ಬೇಕು, ಅದನ್ನ ತರೋಕೆ ಜೇನೂ ನೆರವಾಗುತ್ತೆ, ಆದ್ರೆ ಕಾಫಿ ಹೂ ಇರೋದು ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಆದ್ಮೇಲೆ ಕೆಲವೇ ದಿನ, ಮಿಕ್ಕ ವರ್ಷ ಜೇನು ಏನ್ ತಿನ್ಬೇಕು ಹೇಳಿ?

ಹಾಂ, ತುಂಬೆ ಒಣಗಿದ್ರೆ ಕಸದ ಥರ ಕಾಣುತ್ತೆ, ನೀಟಾಗಿರ್ಬೇಕು ಅನ್ನೋರಿಗೆ ಆಗಲ್ಲ. ತಂಗಡಿ ಕಡೂರು, ಅರಸೀಕೆರೆ ಬಯಲಿಗೆ ಸೈ, ಮೂಡಿಗೆರೆ ಮಳೆಗೆ ಬೇಡ, ಅಲ್ಲಿ ತಾನಾಗೇ ಹುಟ್ಟೋ ಕಾಡು ಕರ್ಣಕುಂಡಲನ ಕೀಳದೆ ಹಾಗೇ ಬಿಟ್ರೆ ಸಾಕು. ಲಂಟಾನ ಹಬ್ಬೋ ಕಳೆ, ಅದನ್ನ ಮಾತ್ರ ಕಿತ್ತಾಕಿ. ಕಳೆನಾಶಕ ಹೊಡೀಬೇಡಿ, ಬೀಜ ಉದುರಿದ್ಮೇಲೆ ಕತ್ತಿ ಆಡ್ಸಿ.