ತಾರಸಿ ಕುಂಡಗಳಿಗೆ ಡ್ರಿಪ್ ಕಿಟ್: ಐದು ತಿಂಗಳು ಬಳಸಿ ನೋಡಿದೆ

ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ 30 ಕುಂಡಗಳಿವೆ. ಮಲ್ಲಿಗೆ, ದಾಸವಾಳ, ಟೊಮೆಟೊ, ಪುದೀನ, ಕರಿಬೇವು, ಒಂದು ತುಳಸಿ. ಮಂಡಿ ನೋವು ಶುರುವಾದ ಮೇಲೆ ಬಕೆಟ್ ಹಿಡಿದು ಓಡಾಡುವುದು ಕಷ್ಟವಾಯಿತು. ಫೆಬ್ರವರಿಯಲ್ಲಿ ಆನ್‌ಲೈನಿನಲ್ಲಿ ಡ್ರಿಪ್ ಕಿಟ್ ತರಿಸಿದೆ. ಟೈಮರ್ ಸೇರಿ 2,300 ರೂಪಾಯಿ.

ಡಬ್ಬಿಯಲ್ಲಿ 16 ಎಂಎಂ ಮೇನ್ ಪೈಪು, 4 ಎಂಎಂ ಸಣ್ಣ ಪೈಪು, ಕುಂಡಕ್ಕೆ ಹನಿಹನಿಯಾಗಿ ನೀರು ಬಿಡುವ, ತಿರುಗಿಸಿ ಹೆಚ್ಚು ಕಡಿಮೆ ಮಾಡುವ 30 ಡ್ರಿಪ್ಪರ್, ತೂತು ಮಾಡುವ ಪಂಚ್ ಇದ್ದವು. ಜೋಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಸಣ್ಣ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಮೆತ್ತಗಾಗಿ ಸಲೀಸಾಗಿ ಕೂರುತ್ತದೆ. ಪೈಪು ಗಟ್ಟಿಮುಟ್ಟಾಗಿದೆ, ಏಪ್ರಿಲ್ ಬಿಸಿಲಿಗೂ ಬಿರುಕು ಬಿಟ್ಟಿಲ್ಲ.

ತೊಂದರೆ ಕೊಟ್ಟಿದ್ದು ಟೈಮರ್. ಅದರೊಳಗಿನ ವಾಲ್ವ್ ಸರಿಯಾಗಿ ತೆರೆಯಬೇಕಾದರೆ ನೀರಿಗೆ ಪ್ರೆಶರ್ ಇರಬೇಕು. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಪ್ಲಂಬರ್‌ಗಳು ಹೇಳುವ ಒಂದು ಕೆಜಿ ಪ್ರೆಶರ್ ಬರುತ್ತದೆ. ನಮ್ಮ ಟ್ಯಾಂಕ್ ತಾರಸಿಯಿಂದ ಎಂಟೇ ಅಡಿ ಮೇಲಿದೆ, ಕಾಲು ಕೆಜಿಯೂ ಬರುವುದಿಲ್ಲ. ಈ ವಿಷಯವನ್ನು ಮಾರುವವರು ಮೊದಲೇ ದೊಡ್ಡದಾಗಿ ಬರೆಯಬೇಕಿತ್ತು. ಆಮೇಲೆ ಬಾಲ್ ವಾಲ್ವ್ ಇರುವ ಬೇರೆ ಟೈಮರ್ ತಂದೆ. ಕಡಿಮೆ ಪ್ರೆಶರ್‌ಗೂ ಅದು ಚೆನ್ನಾಗಿ ನಡೆಯುತ್ತಿದೆ. ನಿಮ್ಮದೂ ಬರೀ ಓವರ್‌ಹೆಡ್ ಟ್ಯಾಂಕ್ ನೀರಾದರೆ ಅಂಗಡಿಯಲ್ಲಿ ಇದನ್ನೇ ಕೇಳಿ.

ಏಪ್ರಿಲ್‌ನಲ್ಲಿ ನಾಲ್ಕು ದಿನ ಶಿವಮೊಗ್ಗಕ್ಕೆ ಹೋಗಿದ್ದೆವು. ವಾಪಸ್ ಬಂದು ನೋಡಿದರೆ ಸಾಲಿನ ಕೊನೆಯಲ್ಲಿದ್ದ ಕರಿಬೇವು ಎಲೆ ಮುದುಡಿಕೊಂಡು ನಿಂತಿತ್ತು. ಟ್ಯಾಂಕ್ ಪಕ್ಕದ ತುಳಸಿ ಕುಂಡದಲ್ಲಿ ಮಾತ್ರ ನೀರು ನಿಂತಿತ್ತು. ಗಿಡ ಕಿತ್ತರೆ ಬೇರೆಲ್ಲ ಕಪ್ಪಾಗಿ, ಕೊಳೆತ ವಾಸನೆ. ಅತ್ತೆ ಕೈಯಾರೆ ನೆಟ್ಟಿದ್ದ ತುಳಸಿ ಅದು. ತುಂಬಾ ಸಂಕಟವಾಯಿತು.

ಮಾರನೇ ದಿನ ಬೆಳಿಗ್ಗೆ ಅಡುಗೆಮನೆಯ ಸ್ಟೀಲ್ ಲೋಟಗಳನ್ನೆಲ್ಲ ತಾರಸಿಗೆ ತಂದೆ. ಒಂದೊಂದು ಡ್ರಿಪ್ಪರ್ ಕೆಳಗೆ ಒಂದೊಂದು ಇಟ್ಟು 10 ನಿಮಿಷ ನೀರು ಬಿಟ್ಟೆ. ಟ್ಯಾಂಕ್ ಹತ್ತಿರದ ಲೋಟ ತುಂಬಿ ಚೆಲ್ಲಿತು. ಕೊನೆಯದರಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ಕಾರಣ ಆಗ ಗೊತ್ತಾಯಿತು: ನೀರೆಲ್ಲ ಹತ್ತಿರದ ಕುಂಡಗಳಿಗೇ ಹೋಗಿ ಕೊನೆಯವರೆಗೆ ತಲುಪುತ್ತಿರಲಿಲ್ಲ. ಮೂರು ಬಾಯಿಯ ‘ಟೀ’ ಜಾಯಿಂಟ್ ಒಂದನ್ನು ಕೊಂಡು, ಮೇನ್ ಪೈಪಿನ ಕೊನೆಯನ್ನು ಶುರುವಿಗೇ ತಂದು ಸೇರಿಸಿದೆ, ಬಳೆಯ ಹಾಗೆ. ಈಗ ನೀರು ಎರಡೂ ಕಡೆಯಿಂದ ಹರಿಯುತ್ತದೆ, ವ್ಯತ್ಯಾಸ ಬಹಳ ಕಡಿಮೆಯಾಗಿದೆ. ಉಳಿದದ್ದನ್ನು ಡ್ರಿಪ್ಪರ್ ತಿರುಗಿಸಿ ಸರಿ ಮಾಡಿದೆ. ಯಾವ ಕಿಟ್ ತಂದರೂ ಮೊದಲು ಈ ಲೋಟದ ಲೆಕ್ಕ ಮಾಡಿ, ಊರಿಗೆ ಹೋಗುವುದು ಆಮೇಲೆ.

ನಮ್ಮದು ಬೋರ್‌ವೆಲ್ ನೀರು, ಗಡಸು ಜಾಸ್ತಿ. ತಿಂಗಳಿಗೊಮ್ಮೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಟ್ಟರೆ ಬಿಡುತ್ತದೆ. ಕಿಟ್‌ನಲ್ಲಿ ಫಿಲ್ಟರ್ ಇರಲಿಲ್ಲ, ಬೇರೆ ಕೊಂಡೆ.

ಇನ್ನೊಂದು ಮಾತು. ಕುಂಡಕ್ಕೆ ತುಂಬುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಎರಡು ದಿನಕ್ಕೊಮ್ಮೆಯಾದರೂ ಬೆರಳು ಒಳಗಿಳಿಸಿ ನೋಡಿ. ಎರಡನೇ ಗೆಣ್ಣಿನವರೆಗೂ ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ 15 ನಿಮಿಷ ಇಟ್ಟಿದ್ದೆ. ಈಗ ಮಳೆ ಶುರುವಾಗಿದೆ, ಟೈಮರ್ ಪೂರ್ತಿ ಬಂದ್.

ಐದಕ್ಕೆ ಮೂರೂವರೆ ಕೊಡುತ್ತೇನೆ. ಟೈಮರ್ ಮತ್ತು ಫಿಲ್ಟರ್ ಸರಿಯಾಗಿ ಕೊಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಮಲ್ಲಿಗೆ, ಟೊಮೆಟೊ, ಪುದೀನ ಮೂರೂ ಈ ಸಲ ಚೆನ್ನಾಗಿ ಬಂದವು. ಕರಿಬೇವು ಮತ್ತೆ ಚಿಗುರಿದೆ. ಹೊಸ ತುಳಸಿಗೆ ಮಾತ್ರ ಡ್ರಿಪ್ಪರ್ ಹಾಕಿಲ್ಲ. ಸ್ನಾನವಾದ ಮೇಲೆ ಒಂದು ಚೊಂಬು ನೀರು ನಾನೇ ಹಾಕುತ್ತೇನೆ.