ಎಳೆಯ ವಿದ್ಯಾರ್ಥಿಗಳ ಕೈಗೊಂದು ನಿಸರ್ಗ ದಿನಚರಿ

ಪ್ರಾಥಮಿಕ ತರಗತಿಯ ಮಕ್ಕಳಿಗೆಂದು ಸಿದ್ಧಪಡಿಸಿದ ಈ ನಿಸರ್ಗ ದಿನಚರಿ ಕಿಟ್‌ನಲ್ಲಿ ಎ5 ಅಳತೆಯ ಪುಸ್ತಕ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಮತ್ತು ಬಣ್ಣದ ಪೆನ್ಸಿಲ್‌ಗಳಿವೆ. ಸಸ್ಯಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಒಂದೇ ಗಿಡವನ್ನು ತಾಳ್ಮೆಯಿಂದ ನೋಡಲು ಕಲಿಸುವುದು ಮುಖ್ಯವೆಂದು ನಂಬುವ ಶಿಕ್ಷಕರಿಗೆ ಇದು ಬಹಳ ಉಪಯುಕ್ತವಾದ ಸಾಮಗ್ರಿ ಎಂಬುದು, ತರಗತಿಯಲ್ಲಿ ಬಳಸಿ ನೋಡಿದ ಮೇಲೆ ನನ್ನ ಖಚಿತ ಅಭಿಪ್ರಾಯ.

ಪುಸ್ತಕದ ದೊಡ್ಡ ಗುಣವೆಂದರೆ ಅದರ ಖಾಲಿ ಪುಟಗಳು. ಬಣ್ಣ ತುಂಬುವುದಕ್ಕೆಂದು ಮೊದಲೇ ಅಚ್ಚು ಹಾಕಿದ ಎಲೆ, ಹೂಗಳ ಚಿತ್ರಗಳು ಇದರಲ್ಲಿಲ್ಲವಾದ್ದರಿಂದ, ಎಲೆಯ ಅಂಚು ಗರಗಸದಂತಿದೆಯೇ ನುಣುಪಾಗಿದೆಯೇ, ನರಗಳು ಬಲೆಯಂತೆ ಹರಡಿವೆಯೇ ಸಮಾನಾಂತರವಾಗಿ ಸಾಗಿವೆಯೇ ಎಂಬುದನ್ನು ಮಗು ತಾನೇ ನೋಡಬೇಕಾಗುತ್ತದೆ. ಗುಲಾಬಿ ಗಿಡದ ಒಂದು ತೊಟ್ಟಿನಲ್ಲಿ ಐದು ಎಲೆಗಳಿವೆ ಎಂದು ಮೊದಲು ಬರೆದ ಮಕ್ಕಳು, ಎಲೆಯ ಬುಡದಲ್ಲಿ ಮೊಗ್ಗಿರುತ್ತದೆ ಎಂಬುದನ್ನು ನೆನೆದು, ಚಿತ್ರ ಬಿಡಿಸುತ್ತ ಪ್ರತಿಯೊಂದರ ಬುಡದಲ್ಲೂ ಮೊಗ್ಗನ್ನು ಹುಡುಕಿದರು. ಮೊಗ್ಗು ಇರುವುದು ತೊಟ್ಟು ಕಾಂಡವನ್ನು ಸೇರುವ ಕಂಕುಳಲ್ಲಿ ಮಾತ್ರ ಎಂದು ಕಂಡಾಗ, ಆ ಐದೂ ಸೇರಿ ಒಂದೇ ಸಂಯುಕ್ತ ಎಲೆ (ಹಲವು ಕಿರುಎಲೆಗಳಿಂದಾದ ಎಲೆ) ಎಂಬ ತೀರ್ಮಾನಕ್ಕೆ ತಾವೇ ಬಂದರು.

ಭೂತಗನ್ನಡಿ ಚೆನ್ನಾಗಿದೆ, ಆದರೆ ಅದನ್ನು ಹಿಡಿಯುವ ಕ್ರಮವನ್ನು ಕಿಟ್‌ನ ಕೈಪಿಡಿ ಹೇಳುವುದಿಲ್ಲ. ಹತ್ತು ಪಟ್ಟಿನ ಮಸೂರದ ಸಂಗಮದೂರ (ಮಸೂರದಿಂದ ಅದು ಬೆಳಕನ್ನು ಒಂದೆಡೆ ಸೇರಿಸುವ ಬಿಂದುವಿಗಿರುವ ಅಂತರ) ಸುಮಾರು 2.5 ಸೆಂಟಿಮೀಟರ್ ಮಾತ್ರವಾದ್ದರಿಂದ, ಅದನ್ನು ಕಣ್ಣಿನ ಹತ್ತಿರ ಹಿಡಿದು, ನೋಡಬೇಕಾದ ವಸ್ತುವನ್ನು ಅದರತ್ತ ತರಬೇಕು. ಇದನ್ನು ಕಲಿತ ಮೇಲೆ ಸೂರ್ಯಕಾಂತಿಯ ಒಂದು ಹೂವೇ ಇಡೀ ಪಾಠದ ಅವಧಿಗೆ ಸಾಲುತ್ತದೆ. ಒಂದೇ ಹೂವಿನಂತೆ ಕಾಣುವ ಅದು ನೂರಾರು ಕಿರುಹೂಗಳ ಗೊಂಚಲು; ಅವು ಅಂಚಿನಿಂದ ನಡುವಿನತ್ತ ಅರಳುತ್ತ ಹೋಗುತ್ತವೆ. ಹಳದಿ ಎಸಳುಗಳ ಒಳಗಡೆಯ ಹೊರಸುತ್ತಿನವುಗಳಲ್ಲಿ ಇಬ್ಭಾಗವಾಗಿ ಸುರುಳಿಗೊಂಡ ಶಲಾಕಾಗ್ರ (ಪರಾಗವನ್ನು ಪಡೆಯುವ ತುದಿ), ಅದರ ಒಳಸುತ್ತಿನಲ್ಲಿ ಪರಾಗ ಹೊರಚೆಲ್ಲುವ ಕೇಸರಗಳು, ನಡುವೆ ಇನ್ನೂ ಬಿರಿಯದ ಮೊಗ್ಗುಗಳು ಹೀಗೆ ಮೂರು ಹಂತಗಳು ಏಕಕಾಲಕ್ಕೆ ಕಾಣುತ್ತವೆ.

ಪ್ರತಿ ಪುಟದ ತಲೆಯಲ್ಲಿ ‘ಸಸ್ಯದ ಹೆಸರು’ ಎಂಬ ಸಾಲನ್ನು ಇಟ್ಟಿರುವುದು ನನಗೆ ಸರಿ ಕಾಣಲಿಲ್ಲ. ಹೆಸರು ಗೊತ್ತಿಲ್ಲದ ಮಗು ಅಲ್ಲಿಯೇ ತಡವರಿಸುತ್ತದೆ, ಗೊತ್ತಿರುವ ಮಗು ಅದನ್ನು ಬರೆದು ಕೆಲಸ ಮುಗಿಯಿತೆಂದುಕೊಳ್ಳುತ್ತದೆ. ಆ ಸಾಲನ್ನು ಕೊನೆಗೆ ತುಂಬಿಸುವುದೇ ಒಳ್ಳೆಯದು. ಆಗ ಬೇಕಾದರೆ ಕ್ಯಾಮೆರಾದಲ್ಲಿ ಕಂಡ ಸಸ್ಯದ ಹೆಸರನ್ನು ಸೂಚಿಸುವ, ಖಾತೆ ತೆರೆಯದೆಯೂ ಬಳಸಬಹುದಾದ ಸೀಕ್ (Seek) ಆ್ಯಪ್‌ನ ನೆರವು ಪಡೆದು, ಅದು ಸೂಚಿಸಿದ ಹೆಸರನ್ನು ಮಕ್ಕಳು ತಾವು ಬಿಡಿಸಿದ ಚಿತ್ರದೊಂದಿಗೆ ಹೋಲಿಸಿ ಪರೀಕ್ಷಿಸಬಹುದು.

ಕಾಗದ ಪೆನ್ಸಿಲ್‌ಗೆ ತಕ್ಕುದಾಗಿದೆ, ಜಲವರ್ಣ ಹಚ್ಚಿದರೆ ಸುಕ್ಕುಗಟ್ಟುತ್ತದೆ. ಪುಸ್ತಕದ ಹಿಂಬದಿಯ ಚೀಲದಲ್ಲಿ ಹಸಿ ಎಲೆಗಳನ್ನು ನೇರವಾಗಿ ಇಟ್ಟರೆ ಬೂಷ್ಟು ಹಿಡಿಯುತ್ತದೆಯಾದ್ದರಿಂದ, ಅವುಗಳನ್ನು ಮೊದಲು ಹಳೆಯ ಪತ್ರಿಕೆಗಳ ನಡುವೆ ಭಾರ ಹೇರಿ, ಕಾಗದ ಬದಲಿಸುತ್ತ, ಪೂರ್ತಿ ಒಣಗಿಸಿಕೊಳ್ಳಬೇಕು. ಕೊಳ್ಳುವವರು ಪುಸ್ತಕವನ್ನು ಮಗುವಿಗೊಂದರಂತೆ ಕೊಂಡರೂ, ಭೂತಗನ್ನಡಿ ಇಬ್ಬರಿಗೆ ಒಂದಿದ್ದರೆ ಸಾಕು. ಒಬ್ಬರು ನೋಡಿ ವಿವರಿಸಿದ್ದನ್ನು ಇನ್ನೊಬ್ಬರು ಬರೆದುಕೊಳ್ಳುವಾಗ ಟಿಪ್ಪಣಿಗಳು ಇನ್ನಷ್ಟು ನಿಖರವಾಗುತ್ತವೆ.