ಲೆಟರ್‌ಬಾಕ್ಸ್‌ಡ್: ಕರಾವಳಿಯ ಸಿನಿಮಾ ಹುಡುಕುವವರಿಗೆ ಎಷ್ಟು ಉಪಯೋಗ?

ನೋಡಿದ ಸಿನಿಮಾಗಳನ್ನು ಬರೆದಿಟ್ಟು, ಸ್ಟಾರ್ ಕೊಟ್ಟು, ಪಟ್ಟಿ ಮಾಡಿ ಹಂಚಿಕೊಳ್ಳುವ ಲೆಟರ್‌ಬಾಕ್ಸ್‌ಡ್ ಆ್ಯಪನ್ನು ನಾನು ವರ್ಷಗಳಿಂದ ಬಳಸುತ್ತಿದ್ದೇನೆ, ಮುಖ್ಯವಾಗಿ ಒಂದೇ ಕೆಲಸಕ್ಕೆ: ಕಾಸರಗೋಡಿನಿಂದ ಕಾರವಾರದವರೆಗಿನ ನಮ್ಮ ಕರಾವಳಿಯಲ್ಲಿ ಕಥೆ ನಡೆಯುವ ಸಿನಿಮಾಗಳನ್ನು ಹುಡುಕಿ ನೋಡೋದು. ಸ್ಟಾರ್ ಕೊಡೋದು, ಡೈರಿ ಬರೆಯೋದು ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಆ ಭಾಗ ಚೆನ್ನಾಗೇ ಇದೆ, ಅದಕ್ಕೆ ಉಚಿತ ಖಾತೆಯೇ ಸಾಕು. ನಾನು ಹೇಳಹೊರಟಿರೋದು ಊರು ಹಿಡಿದು ಸಿನಿಮಾ ಹುಡುಕುವ ವಿಷಯ.

ಫಿಲ್ಟರ್‌ಗಳನ್ನು ನಂಬಿದರೆ ಜಾಸ್ತಿ ಏನೂ ಸಿಗುವುದಿಲ್ಲ. ದಶಕ, ಪ್ರಕಾರ, ದೇಶ, ಭಾಷೆ ಹೀಗೆಲ್ಲ ಸೋಸಬಹುದು, ಆದರೆ ಕಥೆ ಎಲ್ಲಿ ನಡೆಯುತ್ತದೆ ಅಂತ ಕೇಳುವ ಜಾಗವೇ ಇಲ್ಲ. ದೇಶ ಅಂದರೂ ಸಿನಿಮಾ ತಯಾರಾದ ದೇಶ ಅಷ್ಟೇ. ಸರಿ, ಭಾಷೆ ಹಿಡಿದು ಹೋಗೋಣ ಅಂದರೆ ಕರಾವಳಿಗೆ ಅದೂ ಸಾಲದು. ಇಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುತ್ತವೆ, ಸಿನಿಮಾಗಳೂ ಹಾಗೇ ಹಂಚಿಹೋಗಿವೆ. ಲೆಟರ್‌ಬಾಕ್ಸ್‌ಡ್‌ನ ಮಾಹಿತಿಯೆಲ್ಲ ಟಿಎಂಡಿಬಿ ಎಂಬ ಇನ್ನೊಂದು ಸಿನಿಮಾ ಮಾಹಿತಿ ತಾಣದಿಂದ ಬರುತ್ತದೆ, ಅದು ಭಾಷೆಗಳನ್ನು ಗುರುತಿಸೋದು ಐಎಸ್‌ಒ 639-1 ಎಂಬ ಎರಡಕ್ಷರದ ಸಂಕೇತಗಳಿಂದ. ಆ ಪಟ್ಟಿಯಲ್ಲಿ ಕನ್ನಡಕ್ಕೆ 'ಕೆಎನ್' ಇದೆ. ತುಳುವಿಗೆ ಇಲ್ಲ, ಕೊಂಕಣಿಗೆ ಇಲ್ಲ, ಬ್ಯಾರಿಗೆ ಇಲ್ಲ. ಬ್ಯಾರಿ ಭಾಷೆಯದ್ದೇ ಆದ 2011ರ 'ಬ್ಯಾರಿ' ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡ ಸಿನಿಮಾ, ಅದಕ್ಕೇ ಈ ಗತಿ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಹಾಗಿದ್ದರೂ ನಾನು ಇದನ್ನು ಬಿಟ್ಟಿಲ್ಲ. ಕಾರಣ ಜನ ಮಾಡಿದ ಪಟ್ಟಿಗಳು.

ಪ್ರತಿ ಸಿನಿಮಾದ ಪುಟದಲ್ಲೂ ಆ ಸಿನಿಮಾ ಯಾರ್ಯಾರ ಪಟ್ಟಿಯಲ್ಲಿದೆ ಅಂತ ನೋಡಬಹುದು. ಇಲ್ಲಿ ಒಂದು ಉಪಾಯ ಹೇಳುತ್ತೇನೆ, ಇಷ್ಟು ವರ್ಷದ ಬಳಕೆಯಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಇದೇ: ಹೆಸರಾದ ಸಿನಿಮಾದಿಂದ ಶುರು ಮಾಡಬೇಡಿ. 'ಕಾಂತಾರ'ದ ಪುಟದಿಂದ ಹೊರಟರೆ 'ಭಾರತದ ಅತ್ಯುತ್ತಮ ಸಿನಿಮಾಗಳು', 'ಈ ವರ್ಷ ನೋಡಿದ್ದು' ಅನ್ನೋ ಥರದ ಪಟ್ಟಿಗಳೇ ರಾಶಿ ಬೀಳುತ್ತವೆ. ಅದರ ಬದಲು ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಪುಟದಿಂದ ಹೊರಡಿ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿಯ ಮನೆಗೆ ಬಣ್ಣದ ಟೀವಿ ಬರುವ ಕಥೆ ಅದು, 2008ರದ್ದು. ಅದನ್ನು ತನ್ನ ಪಟ್ಟಿಗೆ ಹಾಕಿಕೊಂಡವರು ಯೋಚನೆ ಮಾಡಿಯೇ ಹಾಕಿಕೊಂಡಿರುತ್ತಾರೆ, ಅಲ್ವಾ? ಅಂಥವರ ಉಳಿದ ಪಟ್ಟಿಗಳನ್ನೂ ತೆರೆದು ನೋಡಿ. ಒಬ್ಬರ ರುಚಿ ಹಿಡಿಸಿದರೆ ಅವರನ್ನು ಫಾಲೋ ಮಾಡಿ. ಅಭಯ ಸಿಂಹ ಅವರ ತುಳು ಸಿನಿಮಾ 'ಪಡ್ಡಾಯಿ' ನನಗೆ ಸಿಕ್ಕಿದ್ದು ಹೀಗೇ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಮ್ಮ ಮೀನುಗಾರರ ದೋಣಿ ಹತ್ತಿದ್ದಾನೆ ಅಂತ ನನಗೆ ಯಾವ ಸರ್ಚ್ ಬಾಕ್ಸ್ ಹೇಳುತ್ತಿತ್ತು?

ಪಟ್ಟಿ ನೋಡುವಾಗ ಒಂದು ಎಚ್ಚರ ಬೇಕು. ಚಿತ್ರೀಕರಣ ಆದ ಊರು ಬೇರೆ, ಕಥೆ ನಡೆಯುವ ಊರು ಬೇರೆ. 'ಶೋಲೆ' ಚಿತ್ರೀಕರಣ ಆಗಿದ್ದು ರಾಮನಗರದ ಬಂಡೆಗಳ ನಡುವೆ, ಹಾಗಂತ ಅದನ್ನು ರಾಮನಗರದ ಸಿನಿಮಾ ಅಂತ ಯಾರಾದರೂ ಹೇಳುತ್ತಾರಾ? ಬೇರೆ ಸಿನಿಮಾ ತಾಣಗಳಲ್ಲಿ ಸಿಗುವ 'ಲೊಕೇಶನ್' ಮಾಹಿತಿ ಬಹುತೇಕ ಚಿತ್ರೀಕರಣದ್ದು. ಹಾಡಿಗೆ ಒಂದು ಬೀಚು ತೋರಿಸಿ ಹೋದ ಸಿನಿಮಾಗಳನ್ನೂ ಸುಮ್ನೆ ತುಂಬಿಸಿಟ್ಟ ಪಟ್ಟಿಗಳಿವೆ, ಅವುಗಳನ್ನು ಬಿಟ್ಟುಬಿಡಿ. ನನಗೆ ಬೇಕಾದದ್ದು ಆ ಊರು ಇಲ್ಲದಿದ್ದರೆ ಕಥೆಯೇ ನಿಲ್ಲದಂಥ ಸಿನಿಮಾ. 'ಉಳಿದವರು ಕಂಡಂತೆ'ಯಿಂದ ಮಲ್ಪೆಯ ಬಂದರು, ಅಷ್ಟಮಿ, ಹುಲಿವೇಷ ತೆಗೆದುಬಿಡಿ, ಏನು ಉಳಿಯುತ್ತದೆ? 'ಗರುಡ ಗಮನ ವೃಷಭ ವಾಹನ'ದಲ್ಲಿ ಮಂಗಳೂರಿನ ಮಂಗಳಾದೇವಿಯ ಸುತ್ತಮುತ್ತಲಿನ ಗಲ್ಲಿಗಳೂ ಹಾಗೇ. 2018ರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಕೇರಳದ ನೆಲದಲ್ಲಿ ನಡೆಯುವ ಕನ್ನಡ ಶಾಲೆಯ ಕಥೆ, ರಾಜ್ಯದ ಲೆಕ್ಕದಲ್ಲಿ ಹುಡುಕಿದರೆ ಕೈತಪ್ಪಿಯೇ ಹೋಗುತ್ತದೆ, ಆದರೆ ಕರಾವಳಿ ಅಂದಾಗ ಅದು ಇರಲೇಬೇಕು.

ವರ್ಷದ ಪ್ರಕಾರ ಜೋಡಿಸಿಕೊಂಡು ನೋಡುವ ಸೌಲಭ್ಯ ನನಗೆ ಬಹಳ ಇಷ್ಟ. ಬಿ.ವಿ. ಕಾರಂತರ 'ಚೋಮನ ದುಡಿ' 1975ರದ್ದು. ಅಲ್ಲಿ ಚೋಮ ಉಳೋಕೆ ತನ್ನದೇ ಒಂದು ತುಂಡು ಭೂಮಿಗಾಗಿ ಒದ್ದಾಡುತ್ತಾನೆ. 2022ರ 'ಕಾಂತಾರ'ದಲ್ಲೂ ಜಗಳ ಭೂಮಿಯದ್ದೇ, ಆದರೆ ದನಿ ಪೂರ್ತಿ ಬೇರೆ. ನಡುವೆ ಟೀವಿ ಬಂತು, ಟ್ರಾಲರ್ ಬಂತು, ಊರುಗಳಲ್ಲಿ ಧರ್ಮದ ಗೋಡೆ ಎದ್ದಿತು, ಅದನ್ನೆಲ್ಲ 'ಗುಲಾಬಿ ಟಾಕೀಸ್' ಹೇಳುತ್ತದೆ. ಈ ಮೂರನ್ನು ವರ್ಷದ ಕ್ರಮದಲ್ಲೇ ನೋಡಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ.

ಎಲ್ಲಿ ನೋಡಬಹುದು ಅನ್ನೋದನ್ನೂ ಸಿನಿಮಾದ ಪುಟದಲ್ಲೇ ತೋರಿಸುತ್ತಾರೆ, ಯಾವ ಸಿನಿಮಾ ಯಾವ ಒಟಿಟಿಯಲ್ಲಿದೆ ಅಂತ ಹೇಳುವ ಜಸ್ಟ್‌ವಾಚ್ ಎಂಬ ತಾಣದ ಮಾಹಿತಿ ಅದು. ಹೊಸ ಸಿನಿಮಾಗಳಿಗೆ ಉಪಯೋಗ ಇದೆ. ಹಳೆಯದಕ್ಕೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಚಿತ್ರೋತ್ಸವಗಳ ಹಳೆಯ ಚಿತ್ರಗಳ ವಿಭಾಗ, ಊರಿನ ಫಿಲ್ಮ್ ಸೊಸೈಟಿಯ ಪ್ರದರ್ಶನ ಇವುಗಳ ಮೇಲೆ ಒಂದು ಕಣ್ಣಿಡಿ, ದೊಡ್ಡ ಪರದೆಯಲ್ಲಿ ಕಾಸರವಳ್ಳಿ ನೋಡುವ ಅವಕಾಶ ಸಿಕ್ಕರೆ ಬೇರೆ ಕೆಲಸ ಬಿಟ್ಟಾದರೂ ಹೋಗಿ.

ದುಡ್ಡು ಕೊಟ್ಟು ಪ್ರೊ ತಗೋಬೇಕಾ? ಜಾಹೀರಾತು ಹೋಗುತ್ತದೆ, ಅಂಕಿಅಂಶದ ಪುಟ ಬರುತ್ತದೆ. ಊರು ಹಿಡಿದು ಹುಡುಕೋಕೆ ಅದರಿಂದ ಏನೂ ವ್ಯತ್ಯಾಸ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಥೆ ನಡೆಯುವ ಜಾಗಕ್ಕೆ ಒಂದು ಫಿಲ್ಟರ್ ಬಂದರೆ, ತುಳು, ಕೊಂಕಣಿ, ಬ್ಯಾರಿಗೆ ಅವುಗಳದ್ದೇ ಹೆಸರು ಸಿಕ್ಕರೆ ಪೂರ್ತಿ ಐದು. ಅಲ್ಲಿಯವರೆಗೆ ನಾವೇ ಮಾಡಬಹುದಾದ ಕೆಲಸ ಇದೆ: ಟಿಎಂಡಿಬಿಯಲ್ಲಿ ಯಾರು ಬೇಕಾದರೂ ಖಾತೆ ತೆರೆದು ಬಿಟ್ಟುಹೋದ ಸಿನಿಮಾ ಸೇರಿಸಬಹುದು, ಕೀವರ್ಡ್ ಹಾಕಬಹುದು. ಲೆಟರ್‌ಬಾಕ್ಸ್‌ಡ್‌ನಲ್ಲಿ ಪಟ್ಟಿ ಮಾಡುವಾಗ ಒಂದೊಂದು ಸಿನಿಮಾದ ಕೆಳಗೂ ಊರಿನ ಹೆಸರು ಬರೆದಿಡಿ, ಟಿಪ್ಪಣಿಗೆ ಅಲ್ಲಿ ಜಾಗ ಇದೆ. ನನ್ನ ಪಟ್ಟಿಯಲ್ಲಿ ಮಂಗಳೂರು, ಉಡುಪಿ ಚೆನ್ನಾಗಿ ತುಂಬಿವೆ, ಆದರೆ ಭಟ್ಕಳ ದಾಟಿದ ಮೇಲೆ ತೀರಾ ಖಾಲಿ. ಹೊನ್ನಾವರ, ಕುಮಟಾ, ಅಂಕೋಲಾ ಕಡೆಯ ಕಥೆ ಇರುವ ಸಿನಿಮಾ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ.